ಅನ್, ಅನ್ನು

ಅರಸೀಕೆರೆ ಜಂಕ್ಷನ್ನಿನ ಹಳೇ ಕ್ಯಾಬಿನ್ ಹಿಂದೆ
ರೈಲ್ವೆ ಕಾಲೋನಿಯ ಬಾಲವಾಡಿ.
ಸಂಜೆ ಆರೂವರೆಗೆ ಅಲ್ಲಿ ನಾನು,
ಮೊಣಕಾಲು ಗದ್ದಕ್ಕೆ ತಾಗುವ ಮಕ್ಕಳ ಬೆಂಚಿನ ಮೇಲೆ.
ಹೆಸರು ಕೆಂಗಪ್ಪ, ಪಾಯಿಂಟ್ಸ್‌ಮನ್, ನಲವತ್ತಾರು ತುಂಬಿದೆ.
ಗಾರ್ಡ್ ಪರೀಕ್ಷೆಗೆ ಇನ್ನು ಹನ್ನೊಂದು ವಾರ.

ಶಮೀನಾ ಮಿಸ್ ಬೋರ್ಡಿನ ನಡುವೆ ಒಂದು ಪದ ಬರೆದು
ಎರಡೂ ಕಡೆ ಜಾಗ ಬಿಟ್ಟರು.
ಮುಂದೆ ಬಂದು ಕೂಡುವುದು ಪ್ರಿಫಿಕ್ಸ್,
ಹಿಂದೆ ಬಂದು ಕೂಡುವುದು ಸಫಿಕ್ಸ್.
ಇಷ್ಟೇ ತಾನೆ, ಅಂದುಕೊಂಡೆ.
ಇಪ್ಪತ್ತೆರಡು ವರ್ಷ ನಾನು ಮಾಡಿದ್ದು ಇನ್ನೇನು?
ಇಂಜಿನ್ ಬಿಚ್ಚು, ತಿರುಗಿಸು, ಆ ತುದಿಗೆ ಕಟ್ಟು.
ಹಾಸನದ ಕಡೆ ಹೊರಳುವ ಗಾಡಿಗೆ
ಮುಖ ಇದ್ದಲ್ಲಿ ಬಾಲ.

ಮೊದಲು ಬಂದದ್ದು ಅನ್.
ಹ್ಯಾಪಿ ಅಂದರೆ ಖುಷಿ, ಅನ್‌ಹ್ಯಾಪಿ ಅಂದರೆ ಅದಿಲ್ಲ.
ನಮ್ಮಟ್ಟೀಲಿ ಅನ್ ಅಂದ್ರೆ ಹೇಳು ಅಂತ, ಮಿಸ್.
‘ಬಾಯಲ್ಲೇನ್ಲಾ ಅದು, ಅನ್’ ಅಂದಿದ್ದಳು ಅವ್ವ,
ಬೆಲ್ಲ ಕದ್ದ ದಿನ.
ಮಿಸ್ ನಕ್ಕರು. ಕನ್ನಡದಲ್ಲಿ ಅದು ಹಿಂದಕ್ಕೂ ಬರುತ್ತಲ್ಲ ಅಣ್ಣ,
ರೈಲನ್ನು, ಕೈಯನ್ನು, ನನ್ನನ್ನು.
ಅಲ್ಲಿ ಹಿಡಿಯುತ್ತೆ, ಇಲ್ಲಿ ಬಿಡುತ್ತೆ.

ಮಿಸ್ ಅಂತಲೇ ಇನ್ನೊಂದು ಇದೆಯಂತೆ, ತಪ್ಪಾಗಿ ಅಂತ ಅರ್ಥ.
ಎರಡು ದಿನ ಮೇಡಮ್ ಅಂದೆ. ನಾಲಿಗೆ ಒಗ್ಗಲಿಲ್ಲ.

ಆಮೇಲೆ ಇನ್. ಅದೂ ಇಲ್ಲ ಅನ್ನುವುದೇ.
ಹಂಗಾದ್ರೆ ಟ್ಯಾಂಕರ್ ವ್ಯಾಗನ್ನಿನ ಹೊಟ್ಟೆ ಮೇಲೆ
ಕೆಂಪಕ್ಷರದಲ್ಲಿ ಇನ್‌ಫ್ಲೇಮೆಬಲ್ ಅಂತ ಇರೋದು
ಹತ್ಕೊಳ್ಳಲ್ಲ ಅಂತಲಾ ಮಿಸ್?
ಚಾಕ್‌ಪೀಸು ನಿಂತಿತು.
‘ಅದೊಂದು... ಅದರ ಹತ್ತಿರ ಬೀಡಿ ಹಚ್ಚಬೇಡಿ.’
ಮರುದಿನ ಬೋರ್ಡಿನ ಮೂಲೆಯಲ್ಲಿ ಆ ಪದ ಒಂದೇ ಇತ್ತು,
ಸುತ್ತ ಗೀಟೆಳೆದು, ಜಾತಿ ಕೆಟ್ಟವರ ಹಾಗೆ.

ಫುಲ್ ಬಂದ ದಿನ ಕರೆಂಟ್ ಹೋಗಿತ್ತು.
ನನ್ನ ಕೈದೀಪದ ಬಿಳಿ ಗಾಜು ತಿರುಗಿಸಿ ಬೋರ್ಡಿಗೆ ಹಿಡಿದೆ.
ಒಂಟಿಯಾಗಿದ್ದಾಗ ಅದಕ್ಕೆ ಎರಡು ಎಲ್.
ಇನ್ನೊಂದು ಪದದ ಹಿಂದೆ ಹೋಗಿ ತಗುಲಿಕೊಂಡರೆ
ಒಂದು ಉದುರುತ್ತದೆ.
ಯಾಕೆ ಮಿಸ್?
ಯಾಕೆ ಅಂದರೆ, ಅದು ಹಾಗೇ.
ಎಡಗೈ ಜೇಬಿಗೆ ಹಾಕಿಕೊಂಡೆ.
ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ, ಬಾಣಾವರದ ಕಡೆಯ ಗೂಡ್ಸು,
ಇಬ್ಬನಿಗೆ ತೊಯ್ದ ಕೊಕ್ಕೆ, ಜಾರಿದ ಹಿಡಿತ,
ಉಂಗುರದ ಬೆರಳಿನ ಮೇಲಿನ ಗೆಣ್ಣು.
ಕೂಡುವುದಕ್ಕಷ್ಟೇ ಅಲ್ಲ, ಕೂಡಿಸುವವನಿಗೂ
ಒಂದು ಎಲ್ ಹೋಗುತ್ತದೆ.
ಮಿಸ್‌ಗೆ ಹೇಳಲಿಲ್ಲ. ದೀಪ ಮಾತ್ರ ಸ್ವಲ್ಪ ಅಲ್ಲಾಡಿತು.

ಮೈಸೂರಿನಲ್ಲಿ ಪರೀಕ್ಷೆ. ಅನ್‌ಕಪಲ್ ಬಂತು;
ಅದನ್ನು ತಲೆ ಬರೆಯಲಿಲ್ಲ, ಕೈ ಬರೆಯಿತು.
ಎರಡು ತಿಂಗಳಿಗೆ ಸ್ಟೇಷನ್ ಮಾಸ್ಟರ್ ಕೋಣೆಯ ಹೊರಗೆ
ಅಂಟಿಸಿದ ಹಾಳೆ, ಅಂಟು ಇನ್ನೂ ಹಸಿ.
ನನ್ನ ನಂಬರಿನ ಎದುರು ಉದ್ದದೊಂದು ಪದ.
ಯಾರನ್ನೂ ಕೇಳಲಿಲ್ಲ. ನಿಂತಲ್ಲೇ ಬಿಚ್ಚಿದೆ:
ಮುಂದೆ ಅನ್.
ಹಿಂದೆ ಫುಲ್, ಒಂದೇ ಎಲ್, ಸರಿಯಾಗಿದೆ.
ನಡುವೆ ಸಕ್ಸಸ್, ಎರಡು ಸಿ, ಕೊನೆಗೆ ಎರಡು ಎಸ್,
ಲೋಡಾಗಿ ನಿಂತ ವ್ಯಾಗನ್ನು.
ಈ ಭಾಷೆಯವರು ಬಾಗಿಲಲ್ಲೇ ಇಲ್ಲ ಅಂದುಬಿಡುತ್ತಾರೆ,
ಒಳಗೆ ಏನೇನಿದೆ ಅಂತ ಆಮೇಲೆ ತೋರಿಸುತ್ತಾರೆ.

ಮನೆಗೆ ಬಂದರೆ ದೇವೀರಮ್ಮ
ಮುದ್ದೆ ಕೋಲು ಹಿಡಿದೇ ಎದುರು ಬಂದಳು.
‘ಏನಂತೆ? ಅನ್ನಿ.’
‘ಪಾಸಾಗ’ ಅಂದೆ.
ಅಷ್ಟರಲ್ಲಿ ಕಿಟಕಿಯಾಚೆ ಅದಿರಿನ ಗೂಡ್ಸು.
ಐವತ್ತೆಂಟು ವ್ಯಾಗನ್.
ಗೂಡಿನ ಲೋಟಗಳೆಲ್ಲ ಒಂದಕ್ಕೊಂದು ತಾಗುತ್ತಾ,
ಕೋಲಿಗಂಟಿದ ಹಿಟ್ಟು ಆರುತ್ತಾ,
ಅವಳು ನನ್ನ ಬಾಯನ್ನೇ ನೋಡುತ್ತಾ,
ಕಣ್ಣಲ್ಲಿ ಇನ್ನೂ ಎರಡೂ ಇತ್ತು.
ಕಡೆಗೆ ಗಾರ್ಡ್ ಡಬ್ಬಿ,
ಯಾರೋ ಮೀಸೆ ಮೂಡದ ಹುಡುಗ, ಕೈಯಲ್ಲಿ ಹಸಿರು ಬಾವುಟ,
ದಾಟಿತು.

‘ಲಿಲ್ಲ.’